ನೆರಳಿಗೆ ಪಗಾರವಿಲ್ಲ

ಸ್ಲ್ಯಾಬ್ ಹಾಕುವ ದಿನ ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲ. ಮಿಕ್ಸರ್ ಒಮ್ಮೆ ತಿರುಗಲು ಹತ್ತಿತೆಂದರೆ ಇಡೀ ಮಾಳಿಗೆ ತುಂಬುವ ತನಕ ತಿರುಗಬೇಕು. ಅರ್ಧಕ್ಕೆ ಬಿಟ್ಟರೆ ಸಂದು ಉಳಿದು ಮಳೆಗಾಲದಲ್ಲಿ ನೀರು ಸೋರುತ್ತದಂತೆ. ಏಣಿಯುದ್ದಕ್ಕೂ ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೇಲೆ ನಿಂತವರು ಸಂಜೆಯ ತನಕ ಮೇಲೆಯೇ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಪುಣೆಯ ಹತ್ತಿರದ ಚಿಂಚವಾಡದಲ್ಲಿ ನಮ್ಮ ಮನೆಯವರು ಕೆಲಸ ಮಾಡುವ ಕಾರ್ಖಾನೆಯ ಕಾಲನಿಗೆ ಹತ್ತಿಕೊಂಡೇ ಆ ಕಟ್ಟಡ ಏಳುತ್ತಿತ್ತು. ಕೆಲಸಕ್ಕೆ ಬಂದವರು ಗುಲಬರ್ಗಾ ಕಡೆಯವರು, ನಮ್ಮ ಮಾತಿನವರು. ಅವರ ತಗಡಿನ ಶೆಡ್ಡುಗಳಲ್ಲಿ ನಳ ಇರಲಿಲ್ಲ. ಕುಡಿಯುವ ನೀರನ್ನು ನಮ್ಮ ಮನೆಯ ನಳದಿಂದ ಒಯ್ಯುತ್ತಿದ್ದರು. ಬಾಯಾರಿದವರಿಗೆ ನೀರು ಕೊಡುವುದು ದೊಡ್ಡ ಸಂಗತಿಯೇನಲ್ಲ. ಆದರೆ ಪರ ಊರಿನಲ್ಲಿ ಮುಂಜಾನೆದ್ದು ಬಾಗಿಲಲ್ಲಿ ಕನ್ನಡ ಕೇಳುವುದು ನನಗೆ ದೇವಿ ಕೊಟ್ಟ ಒಂದು ಪುಣ್ಯವೇ ಆಗಿತ್ತು. ಸಂಜೆ ದೀಪ ಹಚ್ಚುವಾಗ ಆ ದಿನದ ಒಳ್ಳೆಯದನ್ನು ಎಣಿಸುವ ರೂಢಿ ನನಗೆ ತವರಿನಿಂದ ಬಂದದ್ದು. ಆ ಲೆಕ್ಕದಲ್ಲಿ ಈ ಹೆಂಗಸರ ಮಾತೂ ಇರುತ್ತಿತ್ತು.

ಅವರಲ್ಲಿ ಒಬ್ಬ ಹುಡುಗಿ. ಹುಡುಗಿ ಎಂದರೆ ಮದುವೆಯಾದವಳೇ, ಕಂಕುಳಲ್ಲಿ ಕೂಸು ಬೇರೆ. ಮೈ ತುಂಬ ಸೆರಗು ಹೊದ್ದು, ಕೊಡ ತುಂಬುವ ತನಕ ಮಾತಾಡುತ್ತಲೇ ಇರುವವಳು. ವೈಶಾಖದ ಕೊನೆಗೆ ಊರಿಗೆ ಹೋಗುವುದಿತ್ತು, ಕೂಸಿನ ಜಾವಳಕ್ಕೆ. ಅವರ ಕಡೆ ಮೊದಲ ಕೂದಲು ತೆಗೆಸುವ ದಿನ ತಾಯಿ ಮಗುವನ್ನೆತ್ತಿಕೊಂಡು ದೇವಿಯ ಗುಡಿಯ ಹೊಂಡದಲ್ಲಿ ಮುಳುಗಬೇಕು. ಅತ್ತೆ, ನಾದಿನಿಯರು, ಓಣಿಯ ಹೆಂಗಸರೆಲ್ಲ ಸುತ್ತ ನಿಂತು ಅರಿಷಿಣ ಹಚ್ಚಿ, ಒದ್ದೆ ಸೀರೆ ಬಿಡಿಸಿ ಹೊಸ ಸೀರೆ ಉಡಿಸುತ್ತಾರೆ.

"ನಿಮಗೂ ಪ್ರಸಾದ ತರತೀನ್ರಿ ಅಕ್ಕಾರ" ಎಂದಿದ್ದಳು. ನಗುತ್ತಲೇ ಹೇಳಿದಳು. ಆದರೆ ಜಾವಳದ ಮಾತು ಬಂದಾಗಲೆಲ್ಲ ಸೆರಗನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದಳು.

ಸ್ಲ್ಯಾಬಿನ ದಿನ ಅವಳು ಎಲ್ಲಕ್ಕಿಂತ ಮೇಲೆ ನಿಂತಿದ್ದು ನಮ್ಮ ಮನೆಯ ಗ್ಯಾಲರಿಯಿಂದ ಕಾಣುತ್ತಿತ್ತು. ಅಲ್ಲಿಯವರೆಗೆ ಅವಳ ಕೆಲಸ ಕೆಳಗಿನ ಕೋಣೆಗಳ ಒಳಗೆ, ಗೋಡೆಯ ಗಿಲಾವಿಗೆ ಸಿಮೆಂಟಿನ ಮಸಾಲೆ ಕಲಸಿ ಕೊಡುವುದು. ಆ ದಿನ ಆಳು ಸಾಲದೆ, ಆಳುಗಳ ಮೇಸ್ತ್ರಿ ಮುಕಾದಮ ಎಲ್ಲರನ್ನೂ ಮೇಲೆ ಹತ್ತಿಸಿದ್ದ. ನಾನು ಹಪ್ಪಳ ಒಣಹಾಕಿದ್ದೆ. ಮಧ್ಯಾಹ್ನ ತಿರುವಿಹಾಕಲು ಹೋದರೆ ಕೈ ಚುರ್ರೆನ್ನುವ ಹಾಗಿತ್ತು ಬಿಸಿಲು.

ಎರಡು ದಿನ ಅವಳು ನೀರಿಗೆ ಬರಲಿಲ್ಲ. ಮೂರನೆಯ ದಿನ ಮುಕಾದಮನೇ ಬಾಗಿಲಿಗೆ ಬಂದ, ಮೋರೆ ಸಪ್ಪಗೆ. ಅವನು ಮರಾಠಿಯವನು.

"ವಹಿನಿ, ಜರಾ ಚಲಾ. ತಿಲಾ ಮರಾಠಿ ಯೇತ ನಾಹಿ." ಆಸ್ಪತ್ರೆಗೆ ಒಯ್ಯಬೇಕು, ಅವಳಿಗೆ ಮರಾಠಿ ಬಾರದು, ಜೊತೆಗೆ ಬನ್ನಿ ಎಂದು ಅವನ ಮಾತು.

ಶೆಡ್ಡಿನೊಳಗೆ ಅವಳು ಕುಕ್ಕರಗಾಲಿನಲ್ಲಿ ಕೂತಿದ್ದಳು. ಮಲಗಲಿಕ್ಕೆ ಬೆನ್ನೇ ಇರಲಿಲ್ಲವೆನ್ನಬೇಕು. ಮುಖ, ಕುತ್ತಿಗೆ, ಬೆನ್ನು, ಎರಡೂ ತೋಳು, ಪಾದದ ಮೇಲ್ಭಾಗ ಎಲ್ಲ ಕೆಂಪಡರಿ ಊದಿ, ಲಿಂಬೆಹಣ್ಣಿನಷ್ಟು ದಪ್ಪದ ಗುಳ್ಳೆಗಳು. ಜೊತೆಗಿದ್ದ ಅವಳ ಅತ್ತೆ ಅದರ ಮೇಲೆ ಮಜ್ಜಿಗೆ ಸುರಿದು, ಬೂದಿ ಹಚ್ಚಿದ್ದಳು. ರವಿಕೆ ಬೆನ್ನಿಗೆ ಅಂಟಿತ್ತು. ಗಂಡ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ. ಕೂಸು ತಾಯಿಯ ಕಡೆ ಕೈಚಾಚಿ ಅಳುತ್ತಿತ್ತು, ತಾಯಿಗೆ ಎತ್ತಿಕೊಳ್ಳಲು ಆಗುತ್ತಿರಲಿಲ್ಲ.

"ಏನಾಯ್ತವ್ವಾ?" ಎಂದೆ.

"ಬಿಸಲ್ರಿ" ಎಂದಳು. ಅಷ್ಟೇ.

ಕಂಪನಿಯ ಟೆಂಪೋದಲ್ಲಿ ಹಸಿ ಚಾದರ ಹಾಸಿ ಪುಣೆಯ ಸರಕಾರಿ ಆಸ್ಪತ್ರೆಗೆ ಒಯ್ದೆವು. ತುರ್ತು ವಿಭಾಗದಲ್ಲಿ ಆ ಹೊತ್ತಿಗೆ ಬಿಸಿಲಿಗೆ ಬಿದ್ದವರೇ ಸಾಲಾಗಿ ಮಲಗಿದ್ದರು. ಡಾಂಬರು ಹಾಕುವಲ್ಲಿ ಕುಸಿದವನೊಬ್ಬನ ಬಗಲಿಗೆ ಐಸ್ ಇಟ್ಟು ಗಾಳಿ ಹಾಕುತ್ತಿದ್ದರು. ಪ್ರತಿ ಬೇಸಿಗೆಯೂ ಹೀಗೆಯೇ ಎಂದು ಒಬ್ಬ ಆಯಾ ಹೇಳಿದಳು, ಮಳೆ ಬಿದ್ದ ಮೇಲೆ ಯಾರಿಗೂ ಇದರ ನೆನಪಿರುವುದಿಲ್ಲವಂತೆ.

ಸುಟ್ಟಗಾಯದ ವಾರ್ಡಿನಲ್ಲಿ ಮಂಚ ಖಾಲಿ ಇರಲಿಲ್ಲ. ಅವಳನ್ನು ಹೊರಗಿನ ವರಾಂಡದಲ್ಲಿ ಒಂದು ಕಬ್ಬಿಣದ ಮಂಚದ ಮೇಲೆ ಹಾಕಿದರು. ಒಳಗಿದ್ದವರಲ್ಲಿ ಬಹಳ ಮಂದಿ ಸ್ಟೋವಿನಿಂದ ಸುಟ್ಟುಕೊಂಡ ಅಥವಾ ಸುಡಲ್ಪಟ್ಟ ಸೊಸೆಯಂದಿರು. ಆದ್ದರಿಂದ ಹರೆಯದ ಹೆಂಗಸು ಸುಟ್ಟು ಬಂದಳೆಂದರೆ ಮೊದಲು ಬರುವುದು ಪೊಲೀಸ್ ಹವಾಲ್ದಾರ. ಅವನು ಬಂದು ಗಂಡನನ್ನೂ ಅತ್ತೆಯನ್ನೂ ದೂರ ನಿಲ್ಲಿಸಿ, ನನ್ನ ಮುಖಾಂತರ ಕೇಳಿದ, ಯಾರು ಸುಟ್ಟರು, ಬಿಸಿನೀರೋ ಚಿಮಣಿ ಎಣ್ಣೆಯೋ.

"ಬಿಸಲು ಅಂತ ಹೇಳ್ರಿ" ಎಂದಳು.

ನಾನು ಹೇಳಿದೆ. ಹವಾಲ್ದಾರ ಪೆನ್ನು ಕಿವಿಗೆ ಸಿಕ್ಕಿಸಿ ನನ್ನನ್ನೇ ನೋಡಿದ. "ಉನ್ಹಾನೆ ಅಸಂ ಹೋತಂ ಕಾ ಕಧೀ, ವಹಿನಿ?" ಬಿಸಿಲಿಗೆ ಎಂದಾದರೂ ಹೀಗಾಗುತ್ತದೆಯೇ? ಸ್ಲ್ಯಾಬಿನ ಮೇಲೆ ಇಪ್ಪತ್ತು ಜನ ನಿಂತಿದ್ದರು, ಉಳಿದವರಿಗೇನೂ ಆಗಿಲ್ಲವಲ್ಲ? ಅವನು ಗಂಡನಿಗೆ ಊರು ಬಿಡಬಾರದೆಂದು ತಾಕೀತು ಮಾಡಿ ಹೋದ. ಆ ಗಂಡ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟ.

ನಾನು ಅವಳ ಮಾತನ್ನು ಮರಾಠಿಗೆ ತಿರುಗಿಸಿ ಹೇಳಲು ಹೋದವಳು. ಅಲ್ಲಿ ಕೆಲಸ ನನಗೇ ಸುತ್ತಿಕೊಂಡಿತು. ಅವಳ ಹತ್ತಿರ ಇರುವ ಹೆಂಗಸೆಂದರೆ ಅತ್ತೆ ಒಬ್ಬಳೇ, ಅವಳ ಕೈಯಲ್ಲಿ ಕೂಸು. ವಾರ್ಡಿನ ಹಿರಿಯ ಸಿಸ್ಟರ್ ಕಟ್ಟುನಿಟ್ಟಿನ ಮರಾಠಿ ಹೆಂಗಸು. "ದಿನಾ ಬರ್ತೀರೇನು? ಬರುವುದಾದರೆ ಕಲಿಸುತ್ತೇನೆ, ಅಳುವುದಾದರೆ ಬೇಡ" ಎಂದು ಹೇಳಿದಳು. ನಮ್ಮ ಮನೆಯವರಿಗೆ ಮೊದಲ ಪಾಳಿ ಇತ್ತು. ಅವರ ಡಬ್ಬಿ ಕಟ್ಟಿ, ದೇವರ ಪೂಜೆ ಮುಗಿಸಿ ಲೋಕಲ್ ರೈಲು ಹಿಡಿದರೆ ಡ್ರೆಸ್ಸಿಂಗ್ ಹೊತ್ತಿಗೆ ಮುಟ್ಟುತ್ತಿದ್ದೆ.

ಸಿಸ್ಟರ್ ಕಲಿಸಿದ್ದು ಹೀಗೆ. ಹಳೆಯ ಪಟ್ಟಿಯನ್ನು ಎಳೆಯಬಾರದು. ಉಪ್ಪುನೀರು ಹನಿಸಿ ಹನಿಸಿ ಅದು ತಾನಾಗಿ ಬಿಡುವ ತನಕ ಕಾಯಬೇಕು. ಒಡೆಯದ ಗುಳ್ಳೆಯನ್ನು ಒಡೆಯಬಾರದು. ಒಡೆದ ಕಡೆ ಬಿಳಿ ಮುಲಾಮು ಹಚ್ಚಿ, ಮೇಣದ ಜಾಳಿಗೆಯ ಬಟ್ಟೆ ಹಾಸಬೇಕು. ಹೊದಿಕೆ ಮೈಗೆ ತಾಗದ ಹಾಗೆ ಮಂಚದ ಮೇಲೆ ಬಿದಿರಿನ ಕಮಾನು ಕಟ್ಟಿ ಅದರ ಮೇಲೆ ಚಾದರ. ಬೆನ್ನಿಗೆ ಹಾಸಿಗೆ ಅಂಟುತ್ತದೆಂದು ಬಾಳೆಎಲೆ ಹಾಸುವುದೂ ಆ ವಾರ್ಡಿನ ಪದ್ಧತಿ. ಎಲೆ ತರುವುದು ನನ್ನ ಪಾಲಿಗೆ ಬಂತು. ಮಂಡಿಯಿಂದ ಎಳೆಯ ಎಲೆ ಆರಿಸಿ, ನಡುದಿಂಡು ಕೆತ್ತಿ, ಕಡುಬು ಬೇಯಿಸುವ ಪಾತ್ರೆಯಲ್ಲಿ ಉಗಿ ಹಾಯಿಸಿ, ಒಗೆದ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿದ್ದೆ. ಹಬ್ಬದ ಊಟಕ್ಕೆ ಹಾಸುವ ಎಲೆಯ ಮೇಲೆ ಹಸಿ ಬೆನ್ನನ್ನು ಮಲಗಿಸುವಾಗ ಮೊದಮೊದಲು ದೇವಿಯ ಹೆಸರು ಹೇಳಿಕೊಳ್ಳುತ್ತಿದ್ದೆ.

ಡಾಕ್ಟರ್ ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ಮೈಯಿಂದ ಸತ್ವವೆಲ್ಲ ಸೋರಿಹೋಗುತ್ತಿದೆ, ದಿನಾ ನಾಲ್ಕು ತತ್ತಿ ತಿನ್ನಿಸಿ ಎಂದರು. ನಮ್ಮ ಮನೆಯೊಳಗೆ ತತ್ತಿ ಎಂದೂ ಬಂದದ್ದಿಲ್ಲ. ದೇವಿಗೆ ಕೈಮುಗಿದು, ಗ್ಯಾಲರಿಯಲ್ಲಿ ಬೇರೆ ಸ್ಟೋವ್ ಇಟ್ಟು ಕುದಿಸಿದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಇನ್ನ ಮನ್ಯಾಗ ಕೋಳಿ ಕೂಗೂದೊಂದು ಬಾಕಿ ಅದ ನೋಡು" ಎಂದು ನಕ್ಕರು. ಆಮೇಲೆ ತಾವೇ ಕೂತು ಸಿಪ್ಪೆ ಸುಲಿದು ಕೊಟ್ಟರು.

ಮೊದಲ ವಾರದಲ್ಲಿ ಸ್ವಲ್ಪ ಸುಧಾರಿಸಿದ ಹಾಗೆ ಕಂಡಿತು. ಜ್ವರ ಇಳಿಯಿತು. ಅವಳು ಎಡಮಗ್ಗುಲಾಗಿ ಮಲಗಿ ಒಂದು ಬಟ್ಟಲು ಗಂಜಿ ಕುಡಿದಳು. ಅಂದು ಸಂಜೆ ದೀಪದ ಮುಂದೆ ಅದನ್ನೇ ಎಣಿಸಿದೆ. ಮರುದಿನ ಹೋದರೆ ಅವಳ ಬಲಗೆನ್ನೆಯ ಮೇಲೆ, ಬಲತೋಳಿನ ಮೇಲೆ ಹೊಸ ಗುಳ್ಳೆಗಳೆದ್ದಿದ್ದವು. ಅದರ ಮರುದಿನ ಇನ್ನಷ್ಟು. ವಾಸಿಯಾಗುತ್ತಿದ್ದ ಚರ್ಮವೂ ಹೊಸದಾಗಿ ಸುಟ್ಟ ಹಾಗೆ.

ಡಾಕ್ಟರಿಗೆ ಇದು ತಿಳಿಯಲಿಲ್ಲ. ಬಹಳ ಹೊತ್ತು ಮಂಚದ ಪಕ್ಕ ನಿಂತು, "ಇದು ಹೀಗೇಕೆ ಮುಂದುವರಿಯುತ್ತದೆ?" ಎಂದು ಸಿಸ್ಟರನ್ನು ಕೇಳಿದರು. ಸಿಸ್ಟರ್ ನನ್ನ ಕಡೆ ತಿರುಗಿ, ಮನೆಯಿಂದ ಏನಾದರೂ ಹಚ್ಚುತ್ತಿದ್ದೀರೇನು ಎಂದು ದಬಾಯಿಸಿದಳು. ಇಲ್ಲವೆಂದು ಕೈಮುಗಿದು ಹೇಳಿದೆ. ಹವಾಲ್ದಾರ ಮತ್ತೆ ಬಂದ. ಈ ಸಲ ಗಂಡನನ್ನು ಠಾಣೆಗೆ ಕರೆದೊಯ್ದು ಸಂಜೆ ಬಿಟ್ಟ. ಅವನು ಹಿಂತಿರುಗಿ ಬಂದಾಗ ಕೂಸನ್ನು ಮುಟ್ಟಲಿಲ್ಲ.

ಮರುದಿನ ನಾನು ಎಂದಿಗಿಂತ ಬೇಗನೆ ಹೋಗಿದ್ದೆ. ವರಾಂಡದ ಮೂಲೆಯಲ್ಲಿ ಎಲೆ ಬಿಚ್ಚುತ್ತಿರುವಾಗ ಕಂಡಿತು, ಅವಳು ತನ್ನ ಎಲೆಅಡಿಕೆಯ ಸಂಚಿಯಿಂದ ಏನನ್ನೋ ತೆಗೆದು ಬಾಯಿಗೆ ಹಾಕಿಕೊಂಡು, ಊದಿದ ತುಟಿಯಲ್ಲೇ ನೀರು ಹೀರಿದಳು. ಹತ್ತಿರ ಹೋದೆ. ಕಪ್ಪು ಪುಡಿ, ಕಹಿ ವಾಸನೆ.

"ಏನಿದು?"

"ಆಣಿ ಮಾಡ್ರಿ ಮೊದಲ. ಆಮ್ಯಾಲೆ ಹೇಳತೀನಿ." ಕೊರಳಿನ ಕರಿದಾರದಲ್ಲಿ ಅವಳೂರಿನ ದೇವಿಯ ಬೆಳ್ಳಿಯ ತಗಡು ಇತ್ತು. ಎದೆಯ ಗಾಯದಿಂದ ಅದನ್ನು ಎತ್ತಿ ನನ್ನ ಮುಂದೆ ಹಿಡಿದಳು. "ಇದನ್ನ ಮುಟ್ಟಿ ಅನ್ರಿ. ಯಾರಿಗೂ ಹೇಳಂಗಿಲ್ಲ ಅನ್ರಿ."

ಆ ಕೈ, ಆ ಮುಖ ನೋಡಿ ಮುಟ್ಟಿದೆ. ಹೇಳುವುದಿಲ್ಲ ಎಂದೆ.

ಆಗ ಹೇಳಿದಳು. ಬಾಣಂತನದ ಮೇಲೆ ಸೊಂಟದಲ್ಲಿ ಒಂದು ಬಿಳಿ ಮಚ್ಚೆ ಎದ್ದಿತು. ತೊನ್ನು. ಕತ್ತಲ ಶೆಡ್ಡಿನ ಸಂಸಾರ, ಗಂಡನಿಗೆ ಗೊತ್ತಾಗಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಒಲೆಯ ಹಳೆಯ ಸುಟ್ಟಕಲೆ ಎಂದಿದ್ದಳು. ಆಮೇಲೆ ಅದು ಬೆನ್ನಿಗೆ, ತೋಳಿಗೆ ಹಬ್ಬಿತು. ಜಾವಳದ ದಿನ ಹೊಂಡದ ಸುತ್ತ ನಿಂತ ಹೆಂಗಸರು ಒದ್ದೆ ಸೀರೆ ಬಿಡಿಸುತ್ತಾರಲ್ಲ, ಅಷ್ಟರೊಳಗೆ ಮಚ್ಚೆ ಹೋಗಬೇಕು. ಪಿಂಪ್ರಿಯ ಸಂತೆಯಲ್ಲಿ ಒಬ್ಬ ಔಷಧದವನು ಬಾವಂಚಿ ಬೀಜದ ಪುಡಿಯನ್ನೂ ಎಣ್ಣೆಯನ್ನೂ ಕೊಟ್ಟಿದ್ದ. ಬೆಳಿಗ್ಗೆ ಪುಡಿ ತಿನ್ನಬೇಕು, ಎಣ್ಣೆ ಹಚ್ಚಬೇಕು, ಎಳೆಬಿಸಿಲಿಗೆ ಒಂದು ಚಹಾ ಕುದಿಯುವಷ್ಟು ಹೊತ್ತು ಕೂತು ತೊಳೆದುಕೊಳ್ಳಬೇಕು. ಉಳಿದ ದಿನವೆಲ್ಲ ನೆರಳಿನಲ್ಲಿರಬೇಕು. ಒಂದು ಮಂಡಲ ಮುಗಿಯುವ ತನಕ ಬಿಡಬಾರದು. ನಡುವೆ ಬಿಟ್ಟರೆ ಇಮ್ಮಡಿಯಾಗಿ ಬರುತ್ತದೆ.

"ಮತ್ತ ನೆರಳಾಗ ಇರಲಿಲ್ಲ ಯಾಕ?" ಎಂದೆ. ಕೇಳಬಾರದಿತ್ತು.

ಅವಳಿಗೆ ನಗು ಬಂತು. ಒಡೆದ ತುಟಿಯಿಂದ ರಕ್ತ ಜಿನುಗಿತು. "ನೆರಳಿಗಿ ಯಾರ ಪಗಾರ ಕೊಡತಾರ್ರಿ ಅಕ್ಕಾರ? ಗಿಲಾವಿನ ಕೆಲಸ ಇರೂತನಾ ನೆಟ್ಟಗಿತ್ತು. ಜಾವಳ ಹತ್ರ ಬಂತಂತ ನಾನ ಪುಡಿ ಇಮ್ಮಡಿ ತಿಂದೆ. ಅವತ್ತ ಮುಂಜಾನಿ ಎಣ್ಣಿ ಹಚ್ಚಕೊಂಡೆ. ತೊಳಿಯೂಕಿಂತ ಮೊದಲ ಮುಕಾದಮ ಬಂದು ಸ್ಲ್ಯಾಬಿಗಿ ಹತ್ತ ಅಂದ. ಎಲ್ಲಾರ ಮುಂದ ಮೈ ತೊಳಿಲಿಕ್ಕ ಆಗತದೇನ್ರಿ?"

ಸುಟ್ಟ ಮೈಯಲ್ಲಿ ಬಿಳಿ ಮಚ್ಚೆಯನ್ನು ಯಾರೂ ಗುರುತಿಸಿರಲಿಲ್ಲ. ಸಿಪ್ಪೆ ಹೋದ ಚರ್ಮವೂ ಹಾಗೆಯೇ ಬೆಳ್ಳಗೆ ಕಾಣುತ್ತದಲ್ಲ, ಡಾಕ್ಟರೂ ಹಾಗೆಂದೇ ತಿಳಿದಿದ್ದರು. ಮತ್ತೆ ಅವಳು ಮಂಡಲ ಮುರಿಯಬಾರದೆಂದು ಆಸ್ಪತ್ರೆಯಲ್ಲೂ ಆ ಪುಡಿಯನ್ನು ತಿನ್ನುತ್ತಲೇ ಇದ್ದಳು. ಆಗಲೂ ನನಗೆ ಪುಡಿಗೂ ಹೊಸ ಗುಳ್ಳೆಗೂ ಇರುವ ಸಂಬಂಧ ಪೂರಾ ಹೊಳೆದಿರಲಿಲ್ಲ. ಹೊಳೆದದ್ದು ಮಧ್ಯಾಹ್ನ.

ವರಾಂಡಕ್ಕೆ ಪಡುವಣದ ಬಿಸಿಲು ಬರುತ್ತಿತ್ತು. ಕಂಬದ ಆಚೆಯಿಂದ ಮೆಲ್ಲಗೆ ಸರಿದು ಮಂಚದ ಬಲಗಡೆ ಏರಿ, ಅವಳ ಗಲ್ಲ, ತೋಳು, ಕಾಲಿನ ಮೇಲೆ ಬಿತ್ತು. ಎಡಮಗ್ಗುಲಿಗೆ ನೆರಳು. ಗುಳ್ಳೆ ಎದ್ದದ್ದು ಎಲ್ಲ ಬಲಗಡೆಯೇ. ಬೇರೆ ದಿನವೂ ಆ ಬಿಸಿಲನ್ನು ನೋಡಿದ್ದೆ. ಪಾಪ, ಥಂಡಿ ಜ್ವರಕ್ಕೆ ಹಿತವಾಗಲಿ ಎಂದುಕೊಂಡಿದ್ದೆ. ಆ ಪುಡಿ ಮೈಯಲ್ಲಿರುವ ತನಕ ಬಿಸಿಲೆಂಬುದು ಅವಳಿಗೆ ಬೆಂಕಿಯೇ ಎಂದು ಆಗ ಅರ್ಥವಾಯಿತು.

ಮಂಚವನ್ನು ನಾನೊಬ್ಬಳೇ ಎಳೆಯಲು ನೋಡಿದೆ, ಕದಲಲಿಲ್ಲ. ನನ್ನ ಸೆರಗನ್ನು ಕಂಬದಿಂದ ಕಂಬಕ್ಕೆ ಅಡ್ಡ ಹಿಡಿದು ಬಿಸಿಲು ಇಳಿಯುವ ತನಕ ನಿಂತೆ. ಅವಳಿಗೆ ಬುದ್ಧಿ ಹೇಳಿದೆ. ಪುಡಿ ಬಿಡು, ಡಾಕ್ಟರಿಗೆ ನೀನೇ ಹೇಳು ಎಂದೆ.

"ಹೇಳಿದ್ರ ನನ್ನ ಮಗಳನ್ನ ಕಸಕೊಂಡ ಹೋಗತಾರ್ರಿ" ಎಂದಳು. "ನಮ್ಮೂರಾಗ ಒಬ್ಬಾಕಿಗಿ ಹಂಗ ಆಗ್ಯದ. ಹಿತ್ತಲದಾಗ ಗುಡಿಸಲಾ ಹಾಕಿ ಕೊಟ್ಟಾರ. ಮಕ್ಕಳು ದೂರ ನಿಂತು ನೋಡತಾವ."

ಸಂಚಿಯನ್ನು ಕಸಿದುಕೊಂಡೆ. ಮರುದಿನ ಹೋದರೆ ಇನ್ನಷ್ಟು ಪುಡಿ ದಿಂಬಿನೊಳಗೆ ಇತ್ತು. ಜ್ವರ ಮತ್ತೆ ಏರಿತ್ತು. ಗಾಯದಿಂದ ಹಸಿರು ಕೀವು, ಒಂದು ಬಗೆಯ ಸಿಹಿ ನಾತ. ನಂಜು ರಕ್ತಕ್ಕೆ ಇಳಿಯುತ್ತಿದೆ ಎಂದು ಸಿಸ್ಟರ್ ನನ್ನ ಕಿವಿಯಲ್ಲಿ ಹೇಳಿದಳು. "ಹೊಸ ಗಾಯ ನಿಲ್ಲದಿದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ."

ಆ ಸಂಜೆ ದೇವರ ಜಗಲಿಯ ಮುಂದೆ ದೀಪ ಹಚ್ಚಿ ಕೂತವಳಿಗೆ ಎಣಿಸಲು ಒಂದೂ ಸಿಗಲಿಲ್ಲ. ದೇವಿಯನ್ನು ಮುಟ್ಟಿ ಆಡಿದ ಮಾತು. ನನ್ನ ತಾಯಿ ಅಂಥ ಮಾತಿಗೆ ತಪ್ಪಿದವರ ಮನೆಯ ನೀರು ಕುಡಿಯುತ್ತಿರಲಿಲ್ಲ. ನಮ್ಮ ಮನೆಯವರಿಗೆ ಗುಟ್ಟನ್ನು ಹೇಳಲಿಲ್ಲ, ಒಂದು ಆಣೆ ಮಾಡಿದ್ದೇನೆ, ಅದನ್ನು ಮುರಿದರೆ ಒಂದು ಜೀವ ಉಳಿಯಬಹುದು ಎಂದಷ್ಟೇ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ದೇವಿ ಮುಂದ ಅತ್ತು ಕ್ಷಮಾ ಕೇಳು. ಡಾಕ್ಟರ ಮುಂದ ಖರೇ ಹೇಳು. ಇಬ್ಬರ ಕಿವಿನೂ ಬ್ಯಾರೆ ಬ್ಯಾರೆ ಅವ."

ಒಂದು ಹೊಸ ಖಣ, ಐದು ಅರಿಷಿಣ ಕೊಂಬು ಹಳದಿ ಬಟ್ಟೆಯಲ್ಲಿ ಕಟ್ಟಿ ಜಗಲಿಯ ಮೇಲಿಟ್ಟೆ. ತಪ್ಪುಗಾಣಿಕೆ. ಎಂದಾದರೂ ಅವಳೂರಿನ ಆ ದೇವಿಗೆ ಮುಟ್ಟಿಸುತ್ತೇನೆ ಎಂದು ಬೇಡಿಕೊಂಡೆ. ಬೆಳಿಗ್ಗೆ ಕಪಾಟಿನಿಂದ ನನ್ನ ಕಪ್ಪು ಚಂದ್ರಕಾಳಿ ಸೀರೆ ತೆಗೆದುಕೊಂಡೆ. ಸಂಕ್ರಾಂತಿಗೆ ಮಾತ್ರ ಉಡುವುದು. ಲೋಕಲ್‌ನಲ್ಲಿ ಕೂತಾಗ ಅದನ್ನು ಮಡಿಲಲ್ಲಿ ಗಟ್ಟಿ ಹಿಡಿದಿದ್ದೆ.

ಡಾಕ್ಟರ್ ವಾರ್ಡಿನೊಳಗೆ ಇನ್ನೊಂದು ಮಂಚದ ಹತ್ತಿರ ಇದ್ದರು. ಅವರನ್ನು ಬದಿಗೆ ಕರೆದು ಎಲ್ಲವನ್ನೂ ಹೇಳಿದೆ. ಕಸಿದುಕೊಂಡ ಸಂಚಿಯ ಪುಡಿಯನ್ನು ಚೂರು ಅಂಗೈಯಲ್ಲಿಟ್ಟು ತೋರಿಸಿದೆ. ಅವರ ಮುಖ ಒಮ್ಮೆಲೇ ಬದಲಾಯಿತು. ಅದೇ ಬೀಜದ ಸತ್ವದ ಗುಳಿಗೆಯನ್ನು ದೊಡ್ಡ ಡಾಕ್ಟರುಗಳೂ ಕೊಡುತ್ತಾರಂತೆ, ಅಳೆದು, ಕಣ್ಣಿಗೆ ಕರಿ ಕನ್ನಡಕ ಹಾಕಿಸಿ, ನಿಮಿಷ ಲೆಕ್ಕ ಹಾಕಿ ಬಿಸಿಲಿಗೆ ಕೂರಿಸುತ್ತಾರಂತೆ. "ಮೊದಲೇ ಏಕೆ ಹೇಳಲಿಲ್ಲ?" ಎಂದವರೇ ದಡದಡ ವರಾಂಡಕ್ಕೆ ನಡೆದರು. ನಾನು ಹಿಂದೆ ಓಡಿದೆ. ಮೆಲ್ಲಗೆ ಕೇಳಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮಂಚದ ಪಕ್ಕದಲ್ಲಿ ನಿಂತು ಕೇಳಿಯೇಬಿಟ್ಟರು.

"ಕೋಡ್ ಆಹೇ ಹಿಲಾ? ಬಾವಚೀ ಖಾತೇ ಕಾ?"

ಇವಳಿಗೆ ತೊನ್ನಿದೆಯೇ, ಬಾವಂಚಿ ತಿನ್ನುತ್ತಾಳೆಯೇ ಎಂದು. ಕೋಡ್ ಎಂದರೆ ಮರಾಠಿಯಲ್ಲಿ ತೊನ್ನು. ಕೂಸನ್ನೆತ್ತಿಕೊಂಡು ಕಾಲ್ದೆಸೆಯಲ್ಲಿ ನಿಂತಿದ್ದ ಅತ್ತೆಗೆ ಬೇರೆ ಮರಾಠಿ ಬಾರದಿದ್ದರೂ ಆ ಒಂದು ಶಬ್ದ ಗೊತ್ತಿತ್ತು. ಸೊಸೆಯ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ಕೂಸನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿದಳು, ಮಂಚದಿಂದ ದೂರದ ತೋಳಿಗೆ.

"ಹೌದೇನು?" ಎಂದಳು.

ಹುಡುಗಿ ಕಣ್ಣು ಮುಚ್ಚಿಕೊಂಡಳು. ಡಾಕ್ಟರರ ತಪ್ಪೆಂದು ನಾನು ಎಂದೂ ಅಂದುಕೊಂಡಿಲ್ಲ. ಅವರಿಗೆ ಬೇಕಾಗಿದ್ದುದು ಜೀವ, ಅವರಿಗೆ ಸಮಯವಿರಲಿಲ್ಲ.

ಉಳಿದದ್ದು ಬೇಗ ಬೇಗ ನಡೆಯಿತು. ವಾರ್ಡಿನ ಒಳಮೂಲೆಯಲ್ಲಿದ್ದ ಒಬ್ಬಳನ್ನು ಬದಲಿಸಿ ಇವಳ ಮಂಚವನ್ನು ಅಲ್ಲಿಗೆ ನೂಕಿದರು. ಆ ಮೂಲೆಗೂ ಒಂದು ಕಿಟಕಿ. ಸಿಸ್ಟರೂ ನಾನೂ ಸ್ಟೂಲಿನ ಮೇಲೆ ಹತ್ತಿ ಚಂದ್ರಕಾಳಿಯನ್ನು ಮೂರು ಮಡಿಕೆ ಮಾಡಿ ಮೊಳೆ ಹೊಡೆದೆವು. ದಿಂಬು, ಹಾಸಿಗೆ ಎಲ್ಲ ಜಾಲಾಡಿ ಪುಡಿಯನ್ನು ಬಚ್ಚಲಿಗೆ ಚೆಲ್ಲಿದೆವು. ಡಾಕ್ಟರ್ ಇಂಜೆಕ್ಷನ್ ಬದಲಿಸಿದರು. ಹವಾಲ್ದಾರನಿಗೆ ತಾವೇ ಹೇಳಿ ಗಂಡನ ಮೇಲಿನ ಅನುಮಾನ ಕಳೆದರು. ಅದು ಆ ದಿನದ ಒಂದು ಪುಣ್ಯ. ಹೊಸ ಗುಳ್ಳೆ ಏಳುವುದು ಎರಡು ದಿನದಲ್ಲಿ ನಿಂತಿತು. ಅದು ಇನ್ನೊಂದು.

ಆದರೆ ನಂಜು ಬಿಡಲಿಲ್ಲ. ಒಂದು ವಾರ ಅವಳು ಬದುಕುತ್ತಾಳೋ ಇಲ್ಲವೋ ಎನ್ನುವ ಹಾಗಿತ್ತು. ಜ್ವರದಲ್ಲಿ ಸ್ಲ್ಯಾಬಿನ ಮೇಲೆ ನಿಂತಂತೆ ಬುಟ್ಟಿ ದಾಟಿಸುತ್ತಿದ್ದಳು, ಬರಿಗೈಯಿಂದ. ನಾನು ಅವಳ ಕೈಯಿಂದ ಇಲ್ಲದ ಬುಟ್ಟಿಯನ್ನು ಇಸಿದುಕೊಳ್ಳುತ್ತಿದ್ದೆ. ಇಸಿದುಕೊಂಡರೆ ಸುಮ್ಮನಾಗುತ್ತಿದ್ದಳು.

ಆ ವಾರದಲ್ಲೇ ಅತ್ತೆ ಕೂಸನ್ನು ಕರೆದುಕೊಂಡು ಊರಿಗೆ ಹೋದಳು. ಹೋಗುವಾಗ ನನಗೇ ಹೇಳಿದಳು: "ಜಾವಳ ಮುಂದ ಹಾಕಲಿಕ್ಕ ಬರಂಗಿಲ್ರಿ. ದೇವಿ ಹರಕಿ ಅದ. ತಾಯಿ ಇಲ್ಲಂದ್ರ ಅಜ್ಜಿ ಮುಳುಗತಾಳ." ಕೆಟ್ಟ ಹೆಂಗಸೇನಲ್ಲ ಅವಳು. ಸೊಸೆಗೆ ಮಜ್ಜಿಗೆ ಸುರಿದು ರಾತ್ರಿಯಿಡೀ ಕೂತಿದ್ದವಳು. ಬಾಗಿಲ ತನಕ ಹೋಗಿ ಹಿಂತಿರುಗಿ ನೋಡಿದಳು, ಆಮೇಲೆ ಹೋದಳು.

ಗಂಡ ಕೆಲವು ದಿನ ಬಂದ. ಬಾಳೆಹಣ್ಣು ತಂದು ಕಾಲ್ದೆಸೆಯಲ್ಲಿ ಇಟ್ಟು ನಿಲ್ಲುತ್ತಿದ್ದ. ಹೆಂಡತಿಯ ಮುಖಕ್ಕಿಂತ ಹೆಚ್ಚಾಗಿ ಕಿಟಕಿಯ ಸೀರೆಯನ್ನೇ ನೋಡುತ್ತಿದ್ದ. ಒಂದು ದಿನ, "ಊರಿಗಿ ಹೋಗಿ ಬರತೀನ್ರಿ ಅಕ್ಕಾರ, ಮಗಳನ್ನ ನೋಡಿ" ಎಂದ. ಬರಲಿಲ್ಲ.

ಅವಳು ಉಳಿದಳು. ಹೊಸ ಚರ್ಮ ಬಂತು. ಕೆಲವು ಕಡೆ ಕಪ್ಪು, ಕೆಲವು ಕಡೆ ಗುಲಾಬಿ, ಮಚ್ಚೆಗಳಿದ್ದ ಕಡೆ ಮೊದಲಿಗಿಂತ ದೊಡ್ಡದಾಗಿ ಬಿಳುಪು. ಮುಖದ ಮೇಲೂ ಒಂದು, ಬಲಗೆನ್ನೆಯಲ್ಲಿ. ಸಿಸ್ಟರ್ ಕನ್ನಡಿ ಕೊಡಬೇಡ ಎಂದಿದ್ದಳು. ಅವಳು ಸ್ಟೀಲಿನ ತಂಬಿಗೆಯಲ್ಲಿ ನೋಡಿಕೊಂಡಳು.

ಎದೆಯಲ್ಲಿ ಹಾಲು ಬತ್ತಿತ್ತು. ಕೂಸಿನ ಹೆಸರು ಹೇಳಿ ಅಳುವುದನ್ನೂ ನಿಲ್ಲಿಸಿದ್ದಳು. ಒಂದು ಮಧ್ಯಾಹ್ನ ತತ್ತಿ ಸುಲಿದು ಬಾಯಿಗೆ ಕೊಡಲು ಹೋದಾಗ ನನ್ನ ಕೈಯನ್ನು ಸರಿಸಿದಳು.

"ದೇವೀನ ಮುಟ್ಟಿ ಅಂದಿದ್ರಿ."

"ಹೌದವ್ವಾ."

"ನಿಮ್ಮ ಬಾಯಿ ಮುಚ್ಚಿದ್ರ ನಾ ಸಾಯತಿದ್ದೆ."

"ಹೌದು."

"ಸತ್ತಿದ್ರ ನನ್ನ ಮಗಳಿಗಿ ಒಬ್ಬಾಕಿ ಚಲೋ ತಾಯಿ ಇದ್ಳು ಅಂತ ಹೇಳತಿದ್ರು. ಈಗ ಏನಂತ ಹೇಳತಾರ್ರಿ?"

ತತ್ತಿಯನ್ನು ತಟ್ಟೆಯಲ್ಲಿಟ್ಟು ಮುಚ್ಚಿದೆ. ಬಾಳೆಎಲೆ ಬದಲಿಸುವ ಹೊತ್ತಾಗಿತ್ತು. ಅವಳನ್ನು ಮಗ್ಗುಲಿಗೆ ಹೊರಳಿಸಿದೆ. ಬೈಯಲಿಕ್ಕಾದರೂ ಉಸಿರಿದೆಯಲ್ಲ, ತಾಯೀ, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆ ದಿನ ದೀಪದ ಮುಂದೆ ಎಣಿಸಿದ್ದು ಅದೊಂದೇ.

ಮಳೆ ಹಿಡಿದ ಮೇಲೆ ಅವಳನ್ನು ಮನೆಗೆ ಬಿಟ್ಟರು. ಮನೆ ಯಾವುದು? ಅವಳ ಅಕ್ಕ ಖಡಕಿಯ ಕಡೆ ಒಂದು ಕಟ್ಟಡದಲ್ಲಿ ಕೆಲಸಕ್ಕಿದ್ದಳು, ಅವಳು ಬಂದು ಕರೆದೊಯ್ದಳು. ಡಾಕ್ಟರ್ ನನಗೆ ಹೇಳಿದ್ದರು, ಬಿಸಿಲಿಗೆ ಮೈ ತೋರಿಸಬಾರದು, ತುಂಬುತೋಳಿನ ಅಂಗಿ ಬೇಕು ಎಂದು. ನಮ್ಮ ಮನೆಯವರ ಕಾರ್ಖಾನೆಯ ನೀಲಿ ಅಂಗಿಗಳಲ್ಲಿ ಹೊಸದೊಂದನ್ನು ಕೊಟ್ಟೆ. ಕೆಲಸದ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ಹಾಕುವುದು ಇದ್ದದ್ದೇ. "ತೋಳು ಮಡಚಬ್ಯಾಡ. ಗುಂಡಿ ಹಾಕ್ಕೋ" ಎಂದೆ. ಅವಳು ತೆಗೆದುಕೊಂಡಳು, ನನ್ನ ಕಡೆ ನೋಡಲಿಲ್ಲ. ಕಿಟಕಿಯಿಂದ ಇಳಿಸಿದ ಚಂದ್ರಕಾಳಿಯ ನಡುವೆ ಒಂದು ಅಗಲವಾದ ಪಟ್ಟಿ ಬಣ್ಣ ಹೋಗಿ ಕಂದಾಗಿತ್ತು. ಆ ಸಂಕ್ರಾಂತಿಗೂ ಅದನ್ನೇ ಉಟ್ಟೆ.

ಸಿಸ್ಟರ್ ನನ್ನನ್ನು ಬಿಡಲಿಲ್ಲ. ಕನ್ನಡದವರು ಬಂದರೆ ಹೇಳಿ ಕಳಿಸುತ್ತಿದ್ದಳು. ಬೇಸಿಗೆಯಲ್ಲಿ ನಮ್ಮ ಜನರೇ ಹೆಚ್ಚು, ಸ್ಲ್ಯಾಬು, ರಸ್ತೆ, ಇಟ್ಟಿಗೆ ಭಟ್ಟಿ. ಶೆಡ್ಡುಗಳಿಗೆ ಹೋಗಿ ಹೆಂಗಸರಿಗೆ ಬಾವಂಚಿಯ ಮಾತು ಹೇಳುತ್ತಿದ್ದೆ. ಕೆಲವರು ಕೇಳುತ್ತಿದ್ದರು. ಕೆಲವರು, ನಮ್ಮಲ್ಲಿ ಯಾರಿಗೂ ಅಂಥದ್ದಿಲ್ಲ ಎಂದು ಮುಖ ತಿರುಗಿಸುತ್ತಿದ್ದರು. ಹಾಗೆ ಹೇಳುವಾಗ ಒಬ್ಬಿಬ್ಬರ ಕೈ ಸೆರಗಿನ ಕಡೆ ಹೋಗುವುದು ನನಗೆ ಕಾಣುತ್ತಿತ್ತು.

ಮುಂದಿನ ವೈಶಾಖದಲ್ಲಿ ಕಾಲನಿಯ ಹಿಂದೆ ಇನ್ನೊಂದು ಕಟ್ಟಡದ ಸ್ಲ್ಯಾಬ್. ಕೊಡದಲ್ಲಿ ನೀರು, ಉಪ್ಪು, ಲಿಂಬೆಹಣ್ಣು ಹಿಂಡಿ ಒಯ್ದು ಕೆಳಗೆ ನಿಂತೆ. ಏಣಿಯ ಮೇಲಿನ ತುದಿಯಲ್ಲಿ ನೀಲಿ ಅಂಗಿ. ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಬಲಗೆನ್ನೆ ಅದರೊಳಗೆ. ಅವಳೇ. ನನ್ನನ್ನು ನೋಡಿದಳು. ನೋಡಿ, ಬುಟ್ಟಿಗೆ ಕೈಚಾಚಿದಳು.

ನೀರಿನ ಹೊತ್ತಿಗೆ ಎಲ್ಲರೂ ಇಳಿದು ಬಂದರು, ಅವಳು ಬರಲಿಲ್ಲ. ಅವಳ ಅಕ್ಕ ಒಂದು ತಂಬಿಗೆ ಹಿಡಿದುಕೊಂಡು ಬಂದಳು. "ಆಕಿಗಿ ಒಯ್ತೀನ್ರಿ" ಎಂದಳು. "ಇಳಿಯಂಗಿಲ್ಲ ಅಂತಾಳ."

"ಮಗಳು?" ಎಂದೆ.

"ಇನ್ನೂ ಕೊಟ್ಟಿಲ್ರಿ" ಎಂದು ಅಕ್ಕ ತಲೆಯಲ್ಲಾಡಿಸಿದಳು. ಅಷ್ಟೇ.

ತಂಬಿಗೆ ತುಂಬಿ ಕೊಟ್ಟೆ. ಅದು ಕೈಯಿಂದ ಕೈಗೆ ದಾಟಿ ಏಣಿಯ ಮೇಲೆ ಹೋಯಿತು. ಅವಳು ಬೆನ್ನು ತಿರುಗಿಸಿ, ತಲೆ ಮೇಲೆತ್ತಿ ಕುಡಿದಳು. ತಂಬಿಗೆ ಹಿಡಿದ ಕೈ ನನಗೆ ಕೆಳಗಿನಿಂದ ಚೆನ್ನಾಗಿ ಕಾಣುತ್ತಿತ್ತು.

ತಪ್ಪುಗಾಣಿಕೆಯ ಹಳದಿ ಗಂಟು ಈಗಲೂ ಜಗಲಿಯ ಮೇಲೆಯೇ ಇದೆ. ಅವಳೂರಿಗೆ ನನ್ನನ್ನು ಕರೆದೊಯ್ಯುವವರು ಯಾರೂ ಇಲ್ಲ. ಆ ಸಂಜೆ ಅದರ ಪಕ್ಕದಲ್ಲಿ ದೀಪ ಹಚ್ಚಿ ಎಣಿಸಿದೆ. ನಾ ಕೊಟ್ಟ ನೀರು ಕುಡಿದಳು. ಎರಡೂ ತೋಳಿನ ಗುಂಡಿ ಹಾಕಿದ್ದಳು.